ಎಂಟಾದ ಮೇಲೆ ಎಂಟು

ಬೆಳಿಗ್ಗೆ ಎದ್ದಾಗಿನಿಂದ ಅವಳಿಗೆ ಒಳಗೊಳಗೇ ಸಂಭ್ರಮ. ಅದೇ ಅವಳ ಸಂಕಟವೂ ಆಗಿತ್ತು. ಅಪ್ಪ ತೀರಿಕೊಂಡು ಆರು ವಾರ, ಇವತ್ತು ಸಂಜೆ ನಾಲ್ಕಕ್ಕೆ ಅವನನ್ನು ನೆನೆಯುವ ಸಭೆ, ಮಗಳಾದವಳು ಮುಖ ಸಪ್ಪೆ ಮಾಡಿಕೊಂಡು ಓಡಾಡಬೇಕಾದ ದಿನ. ಇವಳಿಗೆ ನೋಡಿದರೆ ಕಾಲು ನೆಲದ ಮೇಲೆ ನಿಲ್ಲುತ್ತಿಲ್ಲ. ಕನ್ನಡಿಯ ಮುಂದೆ ಮೂರು ಸಲ ಬಟ್ಟೆ ಬದಲಾಯಿಸಿದಳು. ಬೂದು ಬಣ್ಣದ್ದು ತೀರ ಸಾವಿನ ಮನೆಯದು ಅನ್ನಿಸಿತು, ನೀಲಿಯದು ತೀರ ಮದುವೆ ಮನೆಯದು. ಹೊರಟಿರುವುದು ಯಾವುದಕ್ಕೆ ಎಂದು ತನ್ನನ್ನೇ ಬೈದುಕೊಂಡು ಕೊನೆಗೆ ನೀಲಿಯದನ್ನೇ ಹಾಕಿಕೊಂಡಳು. ಮೂವತ್ತನಾಲ್ಕು ವರ್ಷದ ಹೆಂಗಸು, ಹನ್ನೊಂದು ವರ್ಷದಿಂದ ಜನರ ಸೊಂಟ ಮಂಡಿ ನೋಡಿಕೊಂಡು ಬಂದವಳು, ಬೆಳಗಿನ ಆರೂವರೆಗೆ ಫೋನಿಗೆ ಬಂದ ಒಂದೇ ಒಂದು ಪದಕ್ಕೆ ಹೀಗಾಗುವುದೇ? "ಬರಲಾ?" ಎಂದಷ್ಟೇ ಇತ್ತು ಅದರಲ್ಲಿ. ನಾಲ್ಕು ಸಲ ಉತ್ತರ ಬರೆದು ನಾಲ್ಕು ಸಲ ಅಳಿಸಿ, ಕೊನೆಗೆ "ಬಾ, ಆದ್ರೆ ಕೆಳಗೇ ಇರು" ಎಂದು ಕಳಿಸಿದ್ದಳು. ಆರು ವಾರದಿಂದ ಆ ಪದ ಕಳಿಸಿದವನನ್ನು ನೋಡಿರಲಿಲ್ಲ. ಅಪ್ಪ ಹೋದ ದಿನ ಅವಳೇ "ಇನ್ನು ಬರಬೇಡ" ಅಂದಿದ್ದು. ಯಾಕೆ ಅಂತ ಅವನು ಕೇಳಿರಲಿಲ್ಲ.

ಫಿಸಿಯೋಥೆರಪಿ ಕ್ಲಿನಿಕ್ ಮನೆಯ ಕೆಳಗೇ. ಹದಿನಾಲ್ಕು ಮೆಟ್ಟಿಲು ಇಳಿದರೆ ಅಪ್ಪನ ಲೋಕ: ಹಿಡಿದು ನಡೆಯಲು ಉದ್ದಕ್ಕೂ ಎರಡು ಕಂಬಿ, ಬಾಗಿಲ ಮೇಲೊಂದು ರಾಟೆ, ಭುಜ ಹಿಡಿದುಕೊಂಡವರಿಗೆ ಎಳೆಯಲು ಅದರ ಹಗ್ಗ, ಕಾಲಿಗೆ ಕಟ್ಟುವ ಮರಳಿನ ಚೀಲಗಳು, ನೋವಿನ ಕೀಲಿಗೆ ಹಚ್ಚುವ ಬಿಸಿ ಮೇಣದ ಪೆಟ್ಟಿಗೆ. ಸಭೆಯ ದಿನವೆಂದು ರೋಗಿಗಳ ಮಂಡಿ ರಜೆ ಕೊಡುವುದಿಲ್ಲ, ಬೆಳಗಿನ ಪಾಳಿ ಇದ್ದೇ ಇತ್ತು. ಮೇಣ ಕರಗುವ ವಾಸನೆ ಮೂಗಿಗೆ ಬಡಿದ ಕೂಡಲೇ ಅಪ್ಪನ ಕೈ ನೆನಪಾಯಿತು. ಎಷ್ಟು ತೊಳೆದರೂ ಆ ಕೈಗೆ ಮೇಣದ ವಾಸನೆ, ಯಾವಾಗಲೂ ಬೆಚ್ಚಗೆ. ಒಬ್ಬ ರೋಗಿ ಹೋಗಿ ಇನ್ನೊಬ್ಬರು ಬರುವ ನಡುವೆ ಸಿಗುವ ನಾಲ್ಕು ನಿಮಿಷದಲ್ಲಿ ಹದಿನಾಲ್ಕು ಮೆಟ್ಟಿಲು ಹತ್ತಿ ಮನೆಗೆ ಬಂದುಬಿಡುತ್ತಿದ್ದ. "ನೀರು ಕುಡಿಯೋಕೆ ಬಂದೆ" ಅನ್ನುತ್ತಿದ್ದ, ಕೆಳಗೆ ತುಂಬಿದ ಹೂಜಿ ಇದ್ದರೂ. ಬಂದವನು ಅಣ್ಣನ ತಲೆ ಮುಟ್ಟಿ, ಇವಳ ತಲೆ ಮುಟ್ಟಿ, ಅಮ್ಮನಿಂದ ಬೈಸಿಕೊಂಡು, ನೀರು ಕುಡಿಯದೆ ಇಳಿದು ಹೋಗುತ್ತಿದ್ದ. ಹಲ್ಲುಜ್ಜುವಾಗ ಮಕ್ಕಳು ಒಂಟಿ ಕಾಲಿನಲ್ಲಿ ನಿಲ್ಲಬೇಕು, ಎಡಕ್ಕೊಂದು ನಿಮಿಷ, ಬಲಕ್ಕೊಂದು ನಿಮಿಷ. ಸಂಜೆ ಅಮ್ಮನ ಪಾದವನ್ನು ತೊಡೆಯ ಮೇಲಿಟ್ಟುಕೊಂಡು ಒತ್ತುವಾಗ ಅಮ್ಮ ಪೇಪರನ್ನು ಜೋರಾಗಿ ಓದಬೇಕು. ಓದುತ್ತ ಓದುತ್ತ ಅಮ್ಮ ಮಂತ್ರಿಗಳನ್ನು ಬೈದಳೋ ಗಂಡನನ್ನು ಬೈದಳೋ ತಿಳಿಯದ ಹಾಗೆ ಎರಡೂ ಬೆರೆತುಹೋಗುತ್ತಿತ್ತು.

ಅಪ್ಪನಿಗೆ ಲೆಕ್ಕ ಬರುತ್ತಿರಲಿಲ್ಲ. ಹಾಗೆಂದು ಅವನೇ ಹೇಳಿಕೊಳ್ಳುತ್ತಿದ್ದ. "ಹತ್ತು ಸಲ, ಅಷ್ಟೇ" ಎಂದು ಆಸೆ ತೋರಿಸಿ ಶುರು ಮಾಡುವುದು. ಒಂದು, ಎರಡು, ಮೂರು ಸಲೀಸು. ಆರರ ಹೊತ್ತಿಗೆ ರೋಗಿಯ ಹಣೆಯಲ್ಲಿ ಬೆವರು. ಏಳು, ಎಂಟು, ಮತ್ತೆ ಎಂಟು, ಇನ್ನೊಂದು ಎಂಟು, ಆಮೇಲೆ ದೊಡ್ಡ ಮನಸ್ಸು ಮಾಡಿದವನ ಹಾಗೆ ಒಂಬತ್ತು, ಹತ್ತು. ಹೊಸಬರು "ಎಂಟು ಆಗ್ಲೇ ಆಯ್ತಲ್ಲ" ಅಂದರೆ "ಆಯ್ತಾ? ನನಗೆ ಲೆಕ್ಕ ಬರಲ್ಲ, ನೀವು ಎತ್ತಿ" ಅನ್ನುತ್ತಿದ್ದ. ಹಳಬರು ಕೇಳುತ್ತಲೂ ಇರಲಿಲ್ಲ. ಬೆನ್ನ ಹಿಂದೆ ಅವನಿಗೆ ಎಂಟಪ್ಪ ಎಂದು ಹೆಸರಿತ್ತು, ಸ್ವಲ್ಪ ದಿನಕ್ಕೆ ಮುಖದ ಮುಂದೆಯೂ ಅದೇ ಆಯಿತು. ಎಂಟೇ ಯಾಕೆ ಎಂದು ಅವಳು ಕೆಲಸ ಕಲಿಯಲು ಬಂದ ಹೊಸದರಲ್ಲಿ ಕೇಳಿದ್ದಳು. "ಏಳರಲ್ಲಿ ಮನುಷ್ಯ ಸುಸ್ತಾಗಿರ್ತಾನೆ, ಒಂಬತ್ತರಲ್ಲಿ ಊರು ಕಂಡುಬಿಡುತ್ತೆ. ಎಂಟರಲ್ಲಿ ಅತ್ತಲಾಗೂ ಇಲ್ಲ, ಇತ್ತಲಾಗೂ ಇಲ್ಲ. ಅಲ್ಲಿ ಎರಡು ಹೆಜ್ಜೆ ಜಾಸ್ತಿ ನಡೆಸಿದ್ರೆ ಗೊತ್ತಾಗಲ್ಲ. ಹತ್ತಕ್ಕೆ ಬಿಟ್ರೆ ಅದು ನಿನ್ನೆಯ ಮಂಡಿ ಕಣೇ, ಹನ್ನೆರಡಕ್ಕೆ ಬಿಟ್ರೆ ನಾಳೆಯ ಮಂಡಿ." ಅಣ್ಣ ಇದನ್ನೆಲ್ಲ ಕೇಳುತ್ತ ಬೆಳೆದವನು ಒಂದನೇ ತರಗತಿಯಲ್ಲಿ ಎದ್ದು ನಿಂತು ಎಂಟನ್ನು ಮೂರು ಸಲ ಎಣಿಸಿ ಕಿವಿ ಹಿಂಡಿಸಿಕೊಂಡು ಬಂದಿದ್ದ. ಮೇಷ್ಟ್ರನ್ನು ನೋಡಿ ಬರುತ್ತೇನೆಂದು ಹೋದ ಅಪ್ಪ, ಕಿವಿ ಹಿಂಡಿದ ಕೈ ಭುಜದಿಂದ ಮೇಲಕ್ಕೆ ಏಳುತ್ತಿಲ್ಲ ಎಂಬುದನ್ನು ನೋಡಿಕೊಂಡು ಬಂದ. ಮುಂದಿನ ತಿಂಗಳು ಮೇಷ್ಟ್ರೇ ರಾಟೆಯ ಕೆಳಗೆ ಕೂತು ಎಂಟು, ಎಂಟು, ಎಂಟು ಅನ್ನುತ್ತಿದ್ದರು.

"ಸಭೆ ಎಲ್ಲಿಟ್ಟಿದ್ದೀರಿ ತಾಯಿ?" ಎಂದು ಕೇಳಿದವನು ಬಸ್ ಡ್ರೈವರ್. ಇಪ್ಪತ್ತಾರು ವರ್ಷ ಕ್ಲಚ್ ತುಳಿದು ಎಡ ಮಂಡಿ ಸವೆಸಿಕೊಂಡವನು, ಅಪ್ಪನ ಹಳೆಯ ಗಿರಾಕಿ, ಈಗ ನಿವೃತ್ತ. ಮಂಚದ ಅಂಚಿನಲ್ಲಿ ಕೂತು ಮರಳಿನ ಚೀಲ ಕಟ್ಟಿದ ಕಾಲನ್ನು ನೀಟಾಗಿ ಮುಂದಕ್ಕೆ ಚಾಚುತ್ತಿದ್ದ. "ಎದುರಿಗೇ, ವಾಚನಾಲಯದ ಹಾಲ್‌ನಲ್ಲಿ. ಇಲ್ಲಿ ಇಪ್ಪತ್ತು ಜನ ಹಿಡಿಯಲ್ಲ, ತೊಂಬತ್ತು ಜನ ಬರ್ತೀನಿ ಅಂದಿದಾರೆ." ಡ್ರೈವರ್ ಕಾಲನ್ನು ಗಾಳಿಯಲ್ಲೇ ನಿಲ್ಲಿಸಿದ. "ವಾಚನಾಲಯದ ಹಾಲ್ ಅಂದ್ರೆ ಮೇಲಿನದಲ್ವಾ?" ಅವಳ ಕೈಯಲ್ಲಿದ್ದ ಟವೆಲ್ ಕೈಯಲ್ಲೇ ಉಳಿಯಿತು. ಮೇಲಿನದು, ಹೌದು. ಮೊದಲ ಮಹಡಿ. ಲಿಫ್ಟ್ ಇಲ್ಲ. ಇಪ್ಪತ್ತೆರಡು ಮೆಟ್ಟಿಲು. ಕುರ್ಚಿ ಎಷ್ಟು, ಮೈಕ್ ಇದೆಯಾ, ಫ್ಯಾನ್ ತಿರುಗುತ್ತಾ ಎಂದು ಎಲ್ಲ ವಿಚಾರಿಸಿ ಬಂದವಳು, ಬರುವ ತೊಂಬತ್ತು ಜನರಲ್ಲಿ ಎಂಬತ್ತು ಜನ ಮೆಟ್ಟಿಲು ಹತ್ತಲಾರದೆ ತಾನೇ ಅಪ್ಪನ ಬಳಿ ಬಂದವರು ಎಂಬುದನ್ನು ಮರೆತಿದ್ದಳು. ಬೇರೆ ಯಾರಾದರೂ ಮರೆಯಬಹುದಿತ್ತು. ಜನರ ಮಂಡಿಯಿಂದಲೇ ಅನ್ನ ತಿನ್ನುವ ಮನೆಯವಳು ಮರೆಯುವುದೇ? ತಲೆಯಲ್ಲಿ ಏನು ತುಂಬಿಕೊಂಡಿತ್ತು ಎಂದು ಕೇಳಿಕೊಂಡರೆ ಉತ್ತರ ಬೆಳಗಿನ ಆ ಒಂದು ಪದದ ಕಡೆಗೆ ಬೆರಳು ತೋರಿಸುತ್ತಿತ್ತು. ಮುಖ ಕಿವಿಯವರೆಗೆ ಬಿಸಿಯಾಯಿತು. "ಬೇರೆ ಕಡೆ ನೋಡ್ತೀನಿ, ಈಗ್ಲೇ ಎಲ್ಲರಿಗೂ ಫೋನ್ ಮಾಡ್ತೀನಿ" ಅಂದಳು. ಡ್ರೈವರ್ ನಗುತ್ತ ಕಾಲು ಕೆಳಗಿಟ್ಟ. "ಬಿಡಿ ತಾಯಿ. ಎಂಟಪ್ಪನ ಸಭೆಗೆ ನೆಲದ ಮೇಲೆ ನಡ್ಕೊಂಡು ಹೋಗಿ ಕೂತ್ರೆ ಆ ಮನುಷ್ಯ ನಮ್ಮನ್ನ ಸುಮ್ನೆ ಬಿಡ್ತಾನಾ? ಫೋನ್ ನಾನೇ ಮಾಡ್ತೀನಿ. ಎಲ್ಲರಿಗೂ ಅರ್ಧ ಗಂಟೆ ಮುಂಚೆ ಬರೋಕೆ ಹೇಳ್ತೀನಿ." ಅಷ್ಟು ಹೇಳಿ, "ಎಷ್ಟಾಯ್ತು?" ಎಂದು ಕೇಳಿದ. ಅವಳು "ಎಂಟು" ಅಂದಳು.

ರೋಗಿಗಳಿಗೆ ಮೂರು ಮೂರು ಎಂಟು ಕೊಟ್ಟವಳು ಅಪ್ಪನಿಗೆ ಎಷ್ಟೋ ದಿನ ಒಂದನ್ನೂ ಕೊಟ್ಟಿರಲಿಲ್ಲ. ಹದಿನೈದು ತಿಂಗಳ ಹಿಂದೆ ಅಪ್ಪನಿಗೆ ಸ್ಟ್ರೋಕ್ ಆಗಿ ಬಲಭಾಗ ಬಿದ್ದುಹೋಗಿತ್ತು. ಆ ಬಲಗೈ. ಮೇಲಿನ ಮನೆಯ ಕಿಟಕಿಯ ಪಕ್ಕ ಕುರ್ಚಿ ಹಾಕಿಸಿಕೊಂಡು ದಿನವೆಲ್ಲ ಬೀದಿ ನೋಡುತ್ತ ಕೂತಿರುತ್ತಿದ್ದ, ತೊದಲು ಮಾತಿನಲ್ಲೇ ಹಾದುಹೋಗುವವರ ಕಷ್ಟ ಹೇಳುತ್ತಿದ್ದ: ಆ ಕೊಡೆಯವನಿಗೆ ಎಡ ಸೊಂಟ, ಈ ಹೆಂಗಸಿಗೆ ಹಿಮ್ಮಡಿ, ಇವನಿಗೆ ನೋವಿಲ್ಲ, ಬರೀ ಸೋಮಾರಿತನ. ಅವನಿಗಿದ್ದದ್ದು ಒಂದೇ ಆಸೆ, ಹದಿನಾಲ್ಕು ಮೆಟ್ಟಿಲು ತಾನೇ ಇಳಿದು ಒಮ್ಮೆ ಕ್ಲಿನಿಕ್ಕಿಗೆ ಹೋಗಬೇಕು. ಸಂಜೆ ಆರಕ್ಕೆ ಕೊನೆಯ ರೋಗಿಯನ್ನು ಕಳಿಸಿ ಅವಳು ಮೇಲೆ ಬಂದು ಎಣಿಸುತ್ತಿದ್ದಳು, ಕೈಗೊಂದು ಸುತ್ತು, ಕಾಲಿಗೊಂದು, ನಿಂತು ಕೂರುವುದಕ್ಕೊಂದು. ಎರಡು ತಿಂಗಳು ಎಲ್ಲವೂ ಅಪ್ಪನ ಲೆಕ್ಕದಲ್ಲೇ ನಡೆಯಿತು. ಆಮೇಲೊಂದು ಸಂಜೆ, ಅಪ್ಪನ ಕೈ ಗಾಳಿಯಲ್ಲಿ ನಡುಗುತ್ತ ಮೇಲೇಳುತ್ತಿದ್ದಾಗ, ಕೆಳಗೆ ಬೀದಿಯಲ್ಲಿ ಸ್ಕೂಟರ್ ನಿಂತು, ಸ್ಟ್ಯಾಂಡ್ ಹಾಕಿದ ಟಕ್ ಎಂಬ ಸದ್ದಾಯಿತು. ಅವಳು "ಏಳು" ಅಂದಿದ್ದಳು. ಮುಂದಿನದು "ಒಂಬತ್ತು" ಎಂದು ತಾನಾಗಿಯೇ ಬಂದುಬಿಟ್ಟಿತು. ಅಪ್ಪ ಕೈಯನ್ನು ಅರ್ಧದಲ್ಲೇ ಹಿಡಿದು ಅವಳ ಮುಖ ನೋಡಿದ. "ಹತ್ತು. ಆಯ್ತಪ್ಪ" ಅಂದಳು. ಅವನು ಸ್ವಲ್ಪ ಹೊತ್ತು ನೋಡಿ, ಕೈ ಇಳಿಸಿ, "ಆಯ್ತು" ಅಂದ. ಹದಿನಾಲ್ಕು ಮೆಟ್ಟಿಲನ್ನು ಅವತ್ತು ಅವಳು ಹೇಗೆ ಇಳಿದಳೋ ಅವಳಿಗೇ ನೆನಪಿಲ್ಲ.

ಸ್ಕೂಟರಿನವನು ಲಿಫ್ಟ್ ಮೆಕ್ಯಾನಿಕ್. ದೊಡ್ಡಾಸ್ಪತ್ರೆಯಲ್ಲಿ ಒಬ್ಬ ರೋಗಿಯನ್ನು ನೋಡಲು ಹೋಗಿ ಅವಳು ನಾಲ್ಕನೇ ಮತ್ತು ಐದನೇ ಮಹಡಿಯ ನಡುವೆ ಲಿಫ್ಟಿನಲ್ಲಿ ಸಿಕ್ಕಿಬಿದ್ದಿದ್ದಳು. ಮೇಲಿನಿಂದ ಒಂದು ದನಿ ಕೇಳಿತ್ತು, ಮುಖ ಕಾಣುತ್ತಿರಲಿಲ್ಲ. "ಎಷ್ಟು ಜನ ಇದ್ದೀರಿ?" "ಒಬ್ಬಳೇ." "ಹೆದರ್ಕೋಬೇಡಿ, ಹತ್ತರವರೆಗೆ ಜೋರಾಗಿ ಎಣಿಸ್ತಾ ಇರಿ, ಅಷ್ಟರಲ್ಲಿ ಇಳಿಸ್ತೀನಿ." ಅವಳು ಎಣಿಸಿದ್ದಳು. ಬಾಗಿಲು ತೆರೆದಾಗ ಎಣ್ಣೆ ಕೈಯ ಒಬ್ಬ ಮನುಷ್ಯ ನಗುತ್ತ ನಿಂತಿದ್ದ, "ಎಂಟು ಮೂರು ಸಲ ಹೇಳಿದ್ರಿ" ಅಂದ. ನಾಚಿಕೆಯಿಂದ ಸತ್ತುಹೋಗಬೇಕು ಅನ್ನಿಸಿತು, ಹಾಗೆಯೇ ಇನ್ನೂ ನಾಲ್ಕು ಮಹಡಿ ಅವನ ಜೊತೆ ಹೋಗಬೇಕು ಅಂತಲೂ ಅನ್ನಿಸಿತು. ಅಮ್ಮ ತೋರಿಸಿದ ಗಂಡುಗಳನ್ನೆಲ್ಲ ಒಂದೊಂದು ನೆಪ ಹೇಳಿ ವಾಪಸ್ಸು ಕಳಿಸಿದ್ದವಳಿಗೆ ಇವನ ವಿಷಯ ಮನೆಯಲ್ಲಿ ಎತ್ತುವುದಕ್ಕೆ ಬಾಯಿ ಬರಲಿಲ್ಲ. ಅಪ್ಪ ಒಂದು ಕೈ ಒಂದು ಕಾಲು ಕಳೆದುಕೊಂಡು ಕೂತಿರುವಾಗ ಮಗಳು ಹೋಗಿ ನನಗೆ ಖುಷಿಯಾಗಿದೆ ಅಂತ ಹೇಳುವುದು ಹೇಗೆ? ವಾರಕ್ಕೆ ಮೂರು ದಿನ ಅವನು ಬರುತ್ತಿದ್ದ, ವಾಚನಾಲಯದ ಮುಂದೆ ಸ್ಕೂಟರ್ ನಿಲ್ಲಿಸಿ ಕಾಯುತ್ತಿದ್ದ, ಹಾರ್ನ್ ಮಾಡುತ್ತಿರಲಿಲ್ಲ. ಮೂರು ದಿನ, ಮೂರು ಸುತ್ತು, ಸುತ್ತಿಗೆ ಮೂರು ಎಂಟು, ಐವತ್ತು ವಾರ. ಅಪ್ಪ ಹೋದ ಮೇಲೆ ಅವಳು ಇದನ್ನು ಗುಣಿಸಿ ನೋಡಿದ್ದಳು. ಸಾವಿರದ ಮುನ್ನೂರ ಐವತ್ತು ಎಂಟುಗಳು. ಅಪ್ಪ ನಾಲ್ಕು ಮೆಟ್ಟಿಲವರೆಗೆ ಇಳಿದಿದ್ದ, ಐದನೆಯದಕ್ಕೆ ಕಾಲಿಡುವ ಮೊದಲೇ ಎರಡನೇ ಸ್ಟ್ರೋಕ್ ಬಂತು. ಕೈಯೆತ್ತಿದ ಲೆಕ್ಕಕ್ಕೂ ಮಿದುಳಿನ ರಕ್ತನಾಳಕ್ಕೂ ಸಂಬಂಧವಿಲ್ಲ ಎಂದು ಅವಳಿಗಿಂತ ಚೆನ್ನಾಗಿ ತಿಳಿದವರು ಯಾರು. ಆದರೆ ಇಳಿಯದೇ ಉಳಿದ ಹತ್ತು ಮೆಟ್ಟಿಲನ್ನು ಪ್ರತಿ ಬೆಳಿಗ್ಗೆ ಅವಳೇ ತುಳಿದು ಇಳಿಯಬೇಕಾಗಿತ್ತು.

ಮೂರೂವರೆಗೆ ವಾಚನಾಲಯದ ಮುಂದೆ ಜಾತ್ರೆ. ಊರುಗೋಲು, ವಾಕರ್, ಮಂಡಿಪಟ್ಟಿ, ಸೊಂಟದ ಬೆಲ್ಟು. ಅಣ್ಣ ಮೆಟ್ಟಿಲ ಬುಡದಲ್ಲಿ ನಿಂತು ಒಬ್ಬೊಬ್ಬರ ಕೈ ಹಿಡಿಯಲು ಹೋದರೆ ಎಲ್ಲರೂ ಅವನ ಕೈಯನ್ನು ತಳ್ಳುತ್ತಿದ್ದರು. ಡ್ರೈವರ್ ಎಲ್ಲರನ್ನೂ ಸಾಲಾಗಿ ನಿಲ್ಲಿಸಿ, "ಮುಂದೆ ಹೋಗಿ, ಮುಂದೆ ಹೋಗಿ" ಎಂದು ಹಳೆಯ ಚಾಳಿಯಲ್ಲಿ ಕೂಗುತ್ತಿದ್ದ. ಎಲ್ಲರಿಗಿಂತ ಮುಂದೆ ಇದ್ದವರು ನಿವೃತ್ತ ಹೆಡ್‌ಮಿಸ್ಟ್ರೆಸ್, ಎಪ್ಪತ್ತೆಂಟು ವರ್ಷ, ಎರಡೂ ಮಂಡಿ ಬದಲಾಯಿಸಿದವರು. "ಎಣಿಸ್ರೀ" ಎಂದು ಅಪ್ಪಣೆ ಮಾಡಿ ಮೊದಲ ಮೆಟ್ಟಿಲಿಗೆ ಕಾಲಿಟ್ಟರು. ಒಂದು, ಎರಡು, ಮೂರು. ಮೊದಮೊದಲು ಸಣ್ಣ ದನಿ, ಆಮೇಲೆ ಓದುತ್ತ ಕೂತವರು ಪೇಪರ್ ಮಡಿಸಿಟ್ಟು ಹೊರಗೆ ಬಂದು ನೋಡುವಷ್ಟು ಜೋರು. ಏಳು, ಎಂಟು, ಎಂಟು, ಎಂಟು, ಒಂಬತ್ತು, ಹತ್ತು. ಮತ್ತೆ ಒಂದರಿಂದ. ಅವಳು ಸಾಲಿನ ನಡುವೆ ಇದ್ದಳು, ಒಬ್ಬ ಮುದುಕರ ಬೆನ್ನಿಗೆ ಅಂಗೈ ಕೊಟ್ಟುಕೊಂಡು. ಅಪ್ಪ ಬದುಕಿದ್ದಾಗ ಒಂದು ಸಲಕ್ಕೆ ಒಬ್ಬರನ್ನು ಮಾತ್ರ ಎಣಿಸುತ್ತಿದ್ದ. ಇಷ್ಟು ಕಾಲುಗಳಿಗೆ ಒಟ್ಟಿಗೆ ಎಂಟು ಹೇಳಿದ್ದು ಅವನಿಗೂ ಗೊತ್ತಿರಲಾರದು. ಹೆಡ್‌ಮಿಸ್ಟ್ರೆಸ್ ಮೇಲೆ ತಲುಪಿ ಬಾಗಿಲ ಚೌಕಟ್ಟು ಹಿಡಿದು ಏದುಸಿರು ಬಿಡುತ್ತ ಹಿಂದಕ್ಕೆ ತಿರುಗಿದರು. "ಇದೇನ್ರೀ ಇದು, ಎಂಟರಲ್ಲೇ ಮೆಟ್ಟಿಲು ಮುಗಿದುಹೋಯ್ತು. ಒಂಬತ್ತು ಹತ್ತು ಬಾಕಿ ಉಳೀತು." ಕೆಳಗಿದ್ದವರೆಲ್ಲ ನಕ್ಕರು, ಯಾರೋ "ಎಂಟಪ್ಪನ ಬುದ್ಧಿ ಬಿಟ್ಟಿಲ್ಲ ನೋಡಿ" ಅಂದರು. ನಗುತ್ತಲೇ ಅವಳು ತಿರುವಿನ ಕಿಂಡಿಯಿಂದ ಬೀದಿಗೆ ಕಣ್ಣು ಹಾಯಿಸಿದಳು. ಸ್ಕೂಟರ್ ಇನ್ನೂ ಬಂದಿರಲಿಲ್ಲ.

ಹಾಲ್‌ನ ದೊಡ್ಡ ಕಿಟಕಿಯ ಎದುರಿಗೇ ಬೀದಿಯಾಚೆ ಅವರ ಮನೆಯ ಕಿಟಕಿ. ಅಪ್ಪನ ಖಾಲಿ ಕುರ್ಚಿ ಇಲ್ಲಿಂದ ಸ್ಪಷ್ಟವಾಗಿ ಕಾಣುತ್ತಿತ್ತು. ಅವಳು ಅದಕ್ಕೆ ಮುಖ ತಪ್ಪಿಸಿ ಅಮ್ಮನ ಪಕ್ಕ ಕೂತಳು. ಒಬ್ಬೊಬ್ಬರಾಗಿ ಎದ್ದು ಮಾತಾಡಿದರು. ಅಳಬೇಕೆಂದು ಎದ್ದವರು ನಗಿಸಿ ಕೂತರು. ಒಬ್ಬಾಕೆ ತನ್ನ ಮದುವೆಯಲ್ಲಿ ಅಪ್ಪ ಶುಭಾಶಯ ಹೇಳುವುದು ಬಿಟ್ಟು ವರನಿಗೆ ಬೆನ್ನು ನೆಟ್ಟಗೆ ಮಾಡಲು ಹೇಳಿದ್ದನ್ನು ಹೇಳಿದಳು. ಅಣ್ಣ ಕಿವಿ ಹಿಂಡಿಸಿಕೊಂಡದ್ದನ್ನು ಹೇಳಿದ. ಆಗ ಕೆಳಗೆ ಬೀದಿಯಿಂದ ಟಕ್ ಎಂದು ಕೇಳಿತು. ತೊಂಬತ್ತು ಜನರ ಉಸಿರು, ನಾಲ್ಕು ಫ್ಯಾನು, ಹಾಳು ಮೈಕು, ಇಷ್ಟೆಲ್ಲದರ ನಡುವೆ ಅವಳ ಕಿವಿ ಅದೊಂದನ್ನು ಆರಿಸಿಕೊಂಡಿತು. ಎದೆ ಹೊಡೆದುಕೊಳ್ಳುವುದು ಪಕ್ಕದಲ್ಲಿರುವ ಅಮ್ಮನಿಗೆ ಕೇಳುತ್ತದೆಯೇನೋ ಎಂದು ಸರಿದು ಕೂತಳು. ಅಪ್ಪನ ಸಭೆಯಲ್ಲಿ ಕೂತು, ಅಪ್ಪನ ಮಾತು ನಡೆಯುತ್ತಿರುವಾಗ, ನೀಲಿ ಬಟ್ಟೆ ಹಾಕಿಕೊಂಡು. ಥೂ ನಿನ್ನ, ಎಂದು ಬೈದುಕೊಂಡಳು. ಬೈದುಕೊಂಡರೂ ಖುಷಿ ಅಲುಗಲಿಲ್ಲ.

ಆಮೇಲೆ ಡ್ರೈವರ್ ಎದ್ದ. "ನಾನು ಒಂದು ಗುಟ್ಟು ಹೇಳ್ತೀನಿ" ಎಂದು ಮೈಕನ್ನು ಸ್ಟೇರಿಂಗಿನ ಹಾಗೆ ಎರಡೂ ಕೈಯಲ್ಲಿ ಹಿಡಿದುಕೊಂಡ. "ಅವರು ಹಾಸಿಗೆ ಹಿಡಿದಾಗ ವಾರಕ್ಕೊಂದ್ಸಲ ಮೇಲೆ ಹೋಗಿ ಮಾತಾಡಿಸ್ತಿದ್ದೆ. ಒಂದಿನ ನಾನು ಕೇಳ್ದೆ, ಏನ್ ಡಾಕ್ಟ್ರೇ, ಈಗ ಗೊತ್ತಾಯ್ತಾ ನಮ್ಮ ಕಷ್ಟ, ನಿಮಗೆ ಯಾರು ಮೂರು ಎಂಟು ಹಾಕ್ತಾರೆ ಅಂತ. ಅದಕ್ಕವರು ಏನಂದ್ರು ಗೊತ್ತಾ? ನನ್ನ ಮಗಳು ನನಗಿಂತ ದೊಡ್ಡ ಥೆರಪಿಸ್ಟ್ ಕಣಯ್ಯಾ ಅಂದ್ರು. ನಾನು ಜೀವಮಾನವೆಲ್ಲ ಎಂಟೆಂಟು ಅಂತ ಜನರನ್ನ ಗೋಳು ಹೊಯ್ಕೊಂಡೆ, ಅವಳು ನನಗೆ ಸುಸ್ತಾಗಿರೋದು ನೋಡಿ ಎಂಟನ್ನೇ ಬಿಟ್ಟುಬಿಡ್ತಾಳೆ, ಆ ಕರುಣೆ ನನಗೆ ಬರಲಿಲ್ಲ ಅಂದ್ರು." ಹಾಲ್ ತುಂಬ ಚಪ್ಪಾಳೆ. ಹಿಂದಿನ ಸಾಲಿನವರು ಎದ್ದು ನಿಂತು ಅವಳನ್ನು ನೋಡಿದರು. ಹೆಡ್‌ಮಿಸ್ಟ್ರೆಸ್ ಅವಳ ಭುಜ ಒತ್ತಿ "ಬಂಗಾರ" ಅಂದರು. ಅವಳಿಗೆ ನೆಲ ಬಿರಿಯಬಾರದೇ ಅನ್ನಿಸಿತು. ಅಪ್ಪ ಹಾಗೆ ತಿಳಿದುಕೊಂಡೇ ಹೋದನೇ? ಇವಳು ಕದ್ದದ್ದನ್ನು ಇವಳು ಕೊಟ್ಟದ್ದು ಎಂದುಕೊಂಡು? ಅವನ ಮುಂದೆ ತಪ್ಪೊಪ್ಪಿಕೊಳ್ಳಲು ಇನ್ನು ದಾರಿಯಿಲ್ಲ. ಇವರ ಮುಂದೆ ಸುಮ್ಮನೆ ಕೂತುಬಿಟ್ಟರೆ ಈ ಹೊಗಳಿಕೆ ಜೀವಮಾನವಿಡೀ ಬೆನ್ನಿಗೆ ಅಂಟಿಕೊಂಡಿರುತ್ತದೆ. ಅಣ್ಣ ಅವಳ ಹೆಸರು ಕರೆದ, ಮುಂದೆ ಮಾತಾಡಬೇಕಾದವಳು ಅವಳೇ.

ಬರೆದುಕೊಂಡು ಬಂದ ಎರಡು ಹಾಳೆ ಕೈಯಲ್ಲಿತ್ತು. ಮೈಕಿನ ಮುಂದೆ ನಿಂತವಳಿಗೆ ಎದುರು ಕಿಟಕಿಯ ಕುರ್ಚಿ ಕಂಡಿತು, ಹಾಳೆ ಮಡಿಸಿದಳು. "ಡ್ರೈವರಣ್ಣ ಹೇಳಿದ್ದು ನಿಜ, ನಾನು ಎಂಟನ್ನ ಬಿಡ್ತಿದ್ದೆ" ಅಂದಳು. ತನ್ನ ದನಿ ದೊಡ್ಡದಾಗಿ ತನಗೇ ವಾಪಸ್ಸು ಬಂತು. "ಆದ್ರೆ ಕರುಣೆಗಲ್ಲ. ಅಪ್ಪಂಗೆ ಸುಸ್ತಾಗಿದ್ಯಾ ಅಂತ ನಾನು ನೋಡ್ತಾನೂ ಇರಲಿಲ್ಲ. ನನಗೆ ಅವಸರ ಇತ್ತು." ಇಲ್ಲಿಗೆ ನಿಲ್ಲಿಸಬಹುದಿತ್ತು. ಅರ್ಧ ಸತ್ಯ ಹೇಳಿದವರಿಗೂ ಜನ ಚಪ್ಪಾಳೆ ತಟ್ಟುತ್ತಾರೆ. ಕೆಳಗೆ ಆ ಮನುಷ್ಯ ಬಿಸಿಲಿನಲ್ಲಿ ನಿಂತಿದ್ದಾನೆ. "ಕೆಳಗೆ ಒಬ್ಬರು ನನಗೋಸ್ಕರ ಕಾಯ್ತಾ ಇರ್ತಿದ್ರು. ಅವರ ಸ್ಕೂಟರ್ ಸದ್ದು ಕೇಳಿದ್ರೆ ನನಗೆ ಏಳಾದ ಮೇಲೆ ಒಂಬತ್ತೇ ಬರ್ತಿತ್ತು. ಅಪ್ಪನಿಗೆ ಮೋಸ ಮಾಡಿದೆ. ಅಪ್ಪ ಅದನ್ನ ಕರುಣೆ ಅಂದುಕೊಂಡು ಹೋದ್ರು. ನನಗೆ ಅದು ತಡೆಯೋಕಾಗ್ತಿಲ್ಲ." ಎಂಟೆದೆ ಬೇಕು ಅನ್ನುತ್ತಾರಲ್ಲ, ಅವಳಿಗೆ ಇದ್ದ ಒಂದೆದೆಯೂ ಆಗ ನಿಂತಂತಿತ್ತು.

"ಅವರಿಗೆ ಗೊತ್ತಿತ್ತು ಕಣೇ" ಅಂದಳು ಅಮ್ಮ. ಮುಂದಿನ ಸಾಲಿನಲ್ಲಿ ಕೂತಲ್ಲಿಂದಲೇ, ಕನ್ನಡಕ ಒರೆಸುತ್ತ, ಮೈಕಿನ ಹಂಗಿಲ್ಲದ ದನಿಯಲ್ಲಿ.

"ಏನು ಗೊತ್ತಿತ್ತು?"

"ಬಿದ್ದಿದ್ದು ಕೈಕಾಲು, ಕಿವಿಯಲ್ಲ. ಸ್ಟ್ಯಾಂಡ್ ಹಾಕಿದ ಸದ್ದು ಕೇಳ್ತಿದ್ದ ಹಾಗೆ ನನ್ನ ಕಡೆ ನೋಡಿ ಹುಬ್ಬು ಹಾರಿಸೋರು, ಇವತ್ತು ಎಂಟಿಲ್ಲ ಅಂತ." ಯಾರೋ ಕಿಸಕ್ಕನೆ ನಕ್ಕರು. "ನೀನು ಇಳಿದು ಹೋದ ಮೇಲೆ ಬಿಟ್ಟಿದ್ದನ್ನೆಲ್ಲ ನಾನು ಎಣಿಸ್ತಿದ್ದೆ. ಮೂರಲ್ಲ, ನಾಲ್ಕು. ಇಷ್ಟು ವರ್ಷ ನನ್ನ ಮಂಡಿಗೆ ಮಾಡಿದ್ದಕ್ಕೆ ನಾನು ಸೇಡು ತೀರಿಸ್ಕೋಬೇಡ್ವಾ?"

ಈಗ ಹಾಲ್ ಪೂರ್ತಿ ನಕ್ಕಿತು. ಡ್ರೈವರ್ ಮಾತ್ರ ಪೆಚ್ಚಾಗಿ, "ಹಾಗಾದ್ರೆ ನನಗೆ ಕರುಣೆ ಅಂತ ಹೇಳಿದ್ದು?" ಎಂದು ಕೇಳಿದ.

"ಮಗಳ ಮಾನ ಕಾಪಾಡೋಕೆ. ನಿಮಗೆ ನಿಜ ಹೇಳಿದ್ರೆ ಸಂಜೆ ಒಳಗೆ ಊರು ತುಂಬ ಸಾರ್ತಿದ್ರಿ."

ಅವಳು ಮೈಕನ್ನು ಹಿಡಿದುಕೊಂಡೇ ಇದ್ದಳು. "ನನಗ್ಯಾಕೆ ಹೇಳಲಿಲ್ಲ?" ಎಂದು ಕೇಳಿದಳು, ಮೈಕಿನಲ್ಲೇ. ಅಮ್ಮ ಕನ್ನಡಕ ಹಾಕಿಕೊಂಡು ಮಗಳನ್ನು ನೇರವಾಗಿ ನೋಡಿದಳು. "ನಾನು ಹೇಳೋಣ ಅಂದೆ. ಅವರು ಬೇಡ ಅಂದ್ರು. ಕೇಳಿದ್ರೆ ಗಾಬರಿಯಾಗಿ ಅವನನ್ನ ಬರಬೇಡ ಅಂತಾಳೆ, ಒಂಬತ್ತು ಹತ್ತು ಅವಳೇ ಹೇಳ್ಲಿ, ಅಲ್ಲೀವರೆಗೆ ನಾವು ಎಂಟರಲ್ಲೇ ಇರೋಣ ಅಂದ್ರು." ಅಮ್ಮ ಮುಂದುವರಿಸಿದಳು, ದನಿ ಮೊದಲ ಸಲ ಸಣ್ಣದಾಯಿತು, ಹಿಂದಿನವರು ಮುಂದಕ್ಕೆ ಬಾಗಿದರು. "ಬಂದಾಗಲೆಲ್ಲ ಕಿಟಕಿಯಿಂದ ನೋಡ್ತಿದ್ರಲ್ಲ ಅವನನ್ನ. ಒಂದಿನ ನೀನಿನ್ನೂ ಕೆಳಗೆ ರೋಗಿಗಳ ಹತ್ರ ಇದ್ದಾಗ ನನ್ನನ್ನ ಕರೆದು ತೋರಿಸಿದ್ರು. ನೋಡೇ, ಅರ್ಧ ಗಂಟೆ ಆಯ್ತು, ಎರಡೂ ಕಾಲಿನ ಮೇಲೆ ಸಮ ಭಾರ ಹಾಕಿ ನಿಂತಿದಾನೆ, ಒರಗಿಲ್ಲ, ಕಾಲು ಬದಲಾಯಿಸಿಲ್ಲ. ಹೀಗೆ ಕಾಯೋಕೆ ಗೊತ್ತಿರೋನು ಎಲ್ಲೂ ಬಿಟ್ಟು ಹೋಗಲ್ಲ ಅಂದ್ರು." ಮೂವತ್ತೆಂಟು ವರ್ಷ ಜನರ ನಿಲುವು ನೋಡಿದ ಮನುಷ್ಯ ಅಳಿಯನನ್ನು ಒಪ್ಪುವುದಕ್ಕೆ ಇದಕ್ಕಿಂತ ಬೇರೆ ಜಾತಕ ಏನು ನೋಡಿಯಾನು? ಅವಳಿಗೆ ಅಪ್ಪನ ಆ ನೋಟ ನೆನಪಾಯಿತು, ಕೈ ಅರ್ಧದಲ್ಲಿ, ಕಣ್ಣು ಅವಳ ಮುಖದ ಮೇಲೆ. ಅದನ್ನು ಅವಳು ಒಂದು ವರ್ಷದಿಂದ ಆಪಾದನೆ ಎಂದು ಓದಿಕೊಂಡು ಬಂದಿದ್ದಳು. ಅವನು ನೋಡುತ್ತಿದ್ದದ್ದು ಅವಳ ಮುಖದಲ್ಲಿದ್ದ ಸಂಭ್ರಮವನ್ನು. "ಆಯ್ತು" ಎಂದು ಅವನು ಅಂದದ್ದು ಕೈಯ ಲೆಕ್ಕಕ್ಕಲ್ಲ.

"ವರ್ಷದಿಂದ ಕೆಳಗೇ ನಿಲ್ಲಿಸಿದೀಯ, ಮೇಲೆ ಕರಿ" ಅಂದಳು ಅಮ್ಮ.

ಅವಳು ಕರೆಯುವ ಮೊದಲೇ ಅಣ್ಣ ಕಿಟಕಿಯಿಂದ ಬಗ್ಗಿ ಕೈ ಬೀಸಿದ. ಹಾಲ್ ಕಿವಿಯಾಯಿತು. ಮಂಡಿ ನೋವಿನಲ್ಲಿ ಪಳಗಿದ ತೊಂಬತ್ತು ಜನ ಒಂದು ಜೊತೆ ಆರೋಗ್ಯದ ಮಂಡಿ ಮೆಟ್ಟಿಲು ಹತ್ತುವುದನ್ನು ಉಸಿರು ಬಿಗಿಹಿಡಿದು ಕೇಳಿದರು. "ಎರಡೆರಡು ಹಾರಿಸಿಕೊಂಡು ಬರ್ತಿದಾನೆ" ಎಂದು ಹೆಡ್‌ಮಿಸ್ಟ್ರೆಸ್ ಆಸೆಯಿಂದ ಹೇಳಿದರು. ಡ್ರೈವರ್ ಮೆಲ್ಲಗೆ ಶುರು ಮಾಡಿದ, ಒಂದು, ಎರಡು. ಮೂರಕ್ಕೆ ಇಡೀ ಹಾಲ್ ಸೇರಿಕೊಂಡಿತು. ಅವಳು ಮೈಕ್ ಬಿಟ್ಟು ಸಾಲುಗಳ ನಡುವೆ ಬಾಗಿಲ ಕಡೆಗೆ ನ‍ಡೆದಳು. ಏಳು. ಎಂಟು. ಎಂಟು. ಎಂಟು. ಕೊನೆಯ ಹೆಜ್ಜೆಗೂ ಯಾರೂ ಒಂಬತ್ತು ಅನ್ನಲಿಲ್ಲ, ಇನ್ನೊಂದು ಎಂಟು ಅಂದರು. ಅವನು ಬಾಗಿಲಲ್ಲಿ ಬಂದು ನಿಂತ. ಇಷ್ಟು ಜನ ತನ್ನನ್ನೇ ನೋಡುತ್ತಿರುವುದು ಕಂಡು ಏನೂ ತಿಳಿಯದೆ, ಎರಡೂ ಕಾಲಿನ ಮೇಲೆ ಸಮನಾಗಿ ನಿಂತ. ಎಲ್ಲರೂ ಎಂಟರಲ್ಲೇ ತಡೆದು ಅವಳಿಗಾಗಿ ಕಾದರು. ಅವಳಿಗೂ ಅವನಿಗೂ ನಡುವೆ ಎರಡು ಹೆಜ್ಜೆ ಉಳಿದಿತ್ತು.

"ಒಂಬತ್ತು" ಎಂದು ಒಂದು ಹೆಜ್ಜೆ ಇಟ್ಟಳು. "ಹತ್ತು" ಎಂದು ಇನ್ನೊಂದು.